ತೆರೆಯದ ಫೈಲು, ಓದಲಾಗದ ಅಕ್ಷರ

‘ಫೈಲ್ ಓಪನ್ ಆಗುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ಐದು ಬೇರೆ ಬೇರೆ ತೊಂದರೆಗಳು ಬೆರೆತಿರುತ್ತವೆ. ಫೈಲ್ ಪೂರ್ತಿಯಾಗಿ ಬಂದೇ ಇರುವುದಿಲ್ಲ. ಬಂದಿದ್ದರೂ ಅದು ಯಾವ ಬಗೆಯದೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಗೊತ್ತಾದರೂ ಅದನ್ನು ತೆರೆಯುವ ತಂತ್ರಾಂಶ ಇರುವುದಿಲ್ಲ. ತಂತ್ರಾಂಶವಿದ್ದರೂ ಪಾಸ್‌ವರ್ಡ್ ಅಡ್ಡ ಬರುತ್ತದೆ. ಇದೆಲ್ಲ ದಾಟಿ ಫೈಲ್ ತೆರೆದುಕೊಂಡರೂ ಒಳಗಿನ ಅಕ್ಷರ ಓದಲು ಬರುವುದಿಲ್ಲ. ಐದಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಉಳಿದಿದ್ದ ಫೈಲೂ ಕೆಡುತ್ತದೆ. ಆದ್ದರಿಂದ ಮೊದಲು ತೊಂದರೆ ಯಾವುದೆಂದು ಗುರುತಿಸಬೇಕು, ಅದಕ್ಕೂ ಮೊದಲು ಫೈಲಿನ ಒಂದು ಪ್ರತಿ ಮಾಡಿ ಬೇರೆಡೆ ಇಡಬೇಕು. ಏನು ಪ್ರಯೋಗ ಮಾಡುವುದಿದ್ದರೂ ಪ್ರತಿಯ ಮೇಲೆ ಮಾಡಬೇಕು, ಮೂಲದ ಮೇಲೆ ಬೇಡ.

ಯಾವುದೇ ಫೈಲ್ ಎಂದರೆ 0ಯಿಂದ 255ರ ವರೆಗಿನ ಸಂಖ್ಯೆಗಳ ಒಂದು ಸಾಲು. ಒಂದೊಂದು ಸಂಖ್ಯೆಗೂ ಬೈಟ್ ಎಂದು ಹೆಸರು. ಫೋಟೊ, ಹಾಡು, ಪಹಣಿ, ಲಗ್ನಪತ್ರಿಕೆ ಎಲ್ಲವೂ ಡಿಸ್ಕಿನ ಮೇಲೆ ಇಂಥ ಸಾಲುಗಳೇ. ಆ ಸಾಲನ್ನು ಹೇಗೆ ಓದಬೇಕೆಂಬ ಒಪ್ಪಂದ ಬರೆದವರಿಗೂ ಓದುವವರಿಗೂ ಒಂದೇ ಆಗಿದ್ದಾಗ ಫೈಲ್ ತೆರೆದುಕೊಳ್ಳುತ್ತದೆ.

ಗಾತ್ರ ಮತ್ತು ಗುರುತು

ಮೊದಲು ನೋಡಬೇಕಾದದ್ದು ಫೈಲಿನ ಗಾತ್ರ. ಪ್ರಾಪರ್ಟೀಸ್‌ನಲ್ಲಿ ಸೊನ್ನೆ ಬೈಟ್ ಎಂದಿದ್ದರೆ ಆ ಫೈಲಿಗೆ ಹೆಸರಿದೆ, ಒಳಗೆ ಏನೂ ಇಲ್ಲ. ಪೆನ್‌ಡ್ರೈವ್‌ಗೆ ನಕಲು ಮುಗಿಯುವ ಮುನ್ನ ಎಳೆದುಕೊಂಡಾಗ ಹೀಗಾಗುವುದು ಹೆಚ್ಚು. ಪರದೆಯ ಮೇಲೆ ನಕಲು ಮುಗಿಯಿತೆಂದು ಕಂಡರೂ ಕೊನೆಯ ಭಾಗ ಕೆಲವು ಕ್ಷಣ ಕಂಪ್ಯೂಟರಿನ ನೆನಪಿನಲ್ಲೇ ಉಳಿದಿರಬಹುದು. ‘ಸೇಫ್ಲಿ ರಿಮೂವ್’ ಒತ್ತಿದಾಗ ಅದು ಡ್ರೈವ್‌ಗೆ ಇಳಿಯುತ್ತದೆ. ಸೊನ್ನೆ ಬೈಟಿನ ಫೈಲನ್ನು ಯಾವ ರಿಪೇರಿ ತಂತ್ರಾಂಶವೂ ತುಂಬಿಕೊಡಲಾರದು. ಕಳಿಸಿದವರಿಂದ ಮತ್ತೆ ತರಿಸಿಕೊಳ್ಳುವುದೊಂದೇ ದಾರಿ. ಆದರೆ ಮೂಲ ಫೈಲ್ ಅದೇ ಡ್ರೈವ್‌ನಲ್ಲಿ ಅಳಿಸಿಹೋಗಿದ್ದರೆ ಸ್ವಲ್ಪ ಆಸೆಯಿದೆ. ಅದರ ಮೇಲೆ ಹೊಸದೇನನ್ನೂ ಬರೆಯದೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಹುಡುಕಬಹುದು.

ಫೈಲ್ ಅರ್ಧ ಬಂದಿದ್ದರೆ ಏನಾಗುತ್ತದೆ ಎಂಬುದು ಅದರ ಬಗೆಯನ್ನು ಅವಲಂಬಿಸಿದೆ. ಜೆಪೆಗ್ ಫೋಟೊ ಮೇಲಿನಿಂದ ಕೆಳಕ್ಕೆ ಬರೆದಿರುವುದರಿಂದ ಮೇಲರ್ಧ ಚೆನ್ನಾಗಿ ಕಂಡು ಕೆಳಗರ್ಧ ಬೂದು ಬಣ್ಣವಾಗುತ್ತದೆ. ಜಿಪ್ ಫೈಲಿನ ಕತೆ ಬೇರೆ. ಒಳಗೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಅದರ ಕೊನೆಯಲ್ಲಿರುತ್ತದೆ, ಪರಿವಿಡಿಯನ್ನು ಕಡೆಯ ಪುಟದಲ್ಲಿ ಅಚ್ಚು ಹಾಕಿದ ಪುಸ್ತಕದಂತೆ. ಹೀಗಾಗಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಇಳಿದು ಕೊನೆಯ ಒಂದು ಪಾಲು ತಪ್ಪಿದರೂ ಜಿಪ್ ಕೆಟ್ಟಿದೆ ಎಂಬ ಸಂದೇಶ ಬರುತ್ತದೆ. 2007ರ ಆಫೀಸ್‌ನಿಂದ ಬಂದ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲುಗಳೂ ಒಳಗೆ ಜಿಪ್‌ಗಳೇ ಆದ್ದರಿಂದ ಅವುಗಳ ಪಾಡೂ ಅದೇ. ಮೊಬೈಲಿನಲ್ಲಿ ವಿಡಿಯೊ ತೆಗೆಯುವಾಗ ಬ್ಯಾಟರಿ ಮುಗಿದು ಬಂದಾದರೆ ಎಂಪಿ4 ತೆರೆಯದಿರುವುದಕ್ಕೂ ಕಾರಣ ಇದೇ: ಯಾವ ದೃಶ್ಯ ಎಲ್ಲಿದೆ ಎಂಬ ಕೋಷ್ಟಕವನ್ನು ಕ್ಯಾಮೆರಾ ಸಾಮಾನ್ಯವಾಗಿ ಕೊನೆಗೆ ಬರೆಯುತ್ತದೆ. ಚಿತ್ರ, ದನಿ ಎಲ್ಲ ಒಳಗಿದ್ದರೂ ಕೋಷ್ಟಕವಿಲ್ಲದೆ ಪ್ಲೇಯರ್‌ಗೆ ದಿಕ್ಕು ತೋಚುವುದಿಲ್ಲ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಸರಿಯಾದ ವಿಡಿಯೊವನ್ನು ಮಾದರಿಯಾಗಿಟ್ಟುಕೊಂಡು ಇಂಥದ್ದನ್ನು ಎಷ್ಟೋ ಬಾರಿ ಉಳಿಸಬಹುದು.

ಗಾತ್ರ ಸರಿಯಿದ್ದರೆ ಮುಂದಿನ ಪ್ರಶ್ನೆ ಬಗೆಯದು. ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಬಾಲವನ್ನು ನೋಡಿ ವಿಂಡೋಸ್ ಯಾವ ತಂತ್ರಾಂಶ ಕರೆಯಬೇಕೆಂದು ತೀರ್ಮಾನಿಸುತ್ತದೆ. ಬಾಲ ಬರೀ ಹೆಸರಿನ ಭಾಗ, ಯಾರು ಬೇಕಾದರೂ ಬದಲಿಸಬಹುದು. ನಿಜವಾದ ಗುರುತು ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲಿದೆ. ಪಿಡಿಎಫ್ ಶುರುವಾಗುವುದು ಶೇಕಡಾ ಚಿಹ್ನೆ ಮತ್ತು ಪಿ, ಡಿ, ಎಫ್ ಅಕ್ಷರಗಳಿಂದ. ಜೆಪೆಗ್‌ನ ಮೊದಲೆರಡು ಬೈಟ್ 255 ಮತ್ತು 216. ಜಿಪ್‌ನ ಮೊದಲಿಗೆ ಪಿ, ಕೆ ಎಂಬೆರಡು ಅಕ್ಷರಗಳಿವೆ. ಆ ಬಗೆಯನ್ನು 1989ರಲ್ಲಿ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ನೋಟ್‌ಪ್ಯಾಡ್‌ನಲ್ಲಿ ಪ್ರತಿಯನ್ನು ತೆರೆದು ಮೊದಲ ಸಾಲು ನೋಡಿದರೆ ಸಾಕು. ಪಿಡಿಎಫ್ ಎಂದು ಇಳಿಸಿಕೊಂಡ ಫೈಲಿನ ಮೊದಲಿಗೆ ಎಚ್‌ಟಿಎಂಎಲ್ ಎಂಬ ಅಕ್ಷರಗಳು ಕಂಡರೆ ಬಂದಿರುವುದು ದಾಖಲೆಯೇ ಅಲ್ಲ, ‘ಲಾಗಿನ್ ಅವಧಿ ಮುಗಿದಿದೆ’ ಎಂಬಂಥ ವೆಬ್‌ಪುಟ. ಜಾಲತಾಣದಿಂದ ಪ್ರಮಾಣಪತ್ರ ಇಳಿಸುವಾಗ ಇದು ತೀರ ಸಾಮಾನ್ಯ. ಇದಕ್ಕೆ ಹತ್ತು ಬಗೆಯ ಪಿಡಿಎಫ್ ರೀಡರ್ ಹಾಕಿಕೊಂಡು ನೋಡುವವರಿದ್ದಾರೆ. ಮತ್ತೊಮ್ಮೆ ಲಾಗಿನ್ ಆಗಿ ಇಳಿಸಿಕೊಂಡರೆ ಕೆಲಸ ಮುಗಿಯುತ್ತದೆ.

ವಿಂಡೋಸ್ ಈ ಬಾಲವನ್ನು ತಾನಾಗಿ ಮರೆಮಾಡುವುದು ಒಳ್ಳೆಯ ಅಭ್ಯಾಸವಲ್ಲ. ಪಿಡಿಎಫ್ ಎಂದು ಕಾಣುವ ಹೆಸರಿನ ಹಿಂದೆ ಇಎಕ್ಸ್‌ಇ ಎಂಬ ಇನ್ನೊಂದು ಬಾಲ ಅಡಗಿದ್ದರೆ ಅದು ದಾಖಲೆಯಲ್ಲ, ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ. ಫೋಲ್ಡರಿನ ವ್ಯೂ ಪಟ್ಟಿಗೆ ಹೋಗಿ ಬಾಲ ಕಾಣುವಂತೆ ಮಾಡಿಡುವುದು ಎಲ್ಲರಿಗೂ ಕ್ಷೇಮ. ಐಫೋನ್ 2017ರಿಂದ ತೆಗೆಯುತ್ತಿರುವ ಎಚ್‌ಇಐಸಿ ಫೋಟೊಗಳು ಹಳೆಯ ಕಂಪ್ಯೂಟರಿನಲ್ಲಿ ತೆರೆಯದಿದ್ದಾಗ ಬಾಲವನ್ನು ಜೆಪಿಜಿ ಎಂದು ತಿದ್ದುವುದೂ ವ್ಯರ್ಥ. ಹೆಸರು ಬದಲಾದರೆ ಒಳಗಿನ ಸಂಖ್ಯೆಗಳು ಬದಲಾಗುವುದಿಲ್ಲ, ಪರಿವರ್ತನೆಯನ್ನೇ ಮಾಡಬೇಕು.

ಬೀಗ ಹಾಕಿದ ಫೈಲುಗಳದು ಚಿಕ್ಕ ವಿಷಯ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಎಂಟು ಅಕ್ಷರದ್ದು: ಆಧಾರಿನಲ್ಲಿ ಇಂಗ್ಲಿಷಿನಲ್ಲಿರುವ ಹೆಸರಿನ ಮೊದಲ ನಾಲ್ಕು ಅಕ್ಷರ ದೊಡ್ಡಕ್ಷರದಲ್ಲಿ, ನಂತರ ಹುಟ್ಟಿದ ಇಸವಿ. 1985ರಲ್ಲಿ ಹುಟ್ಟಿದ ಬಸವರಾಜನಿಗೆ ಬಿ, ಎ, ಎಸ್, ಎ ಮತ್ತು 1985. ಕಾರ್ಡಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಹೇಗಿದೆಯೋ ಹಾಗೆಯೇ ಒತ್ತಬೇಕು. ತಪ್ಪಾಗುವುದು ಬಹುಮಟ್ಟಿಗೆ ಅಲ್ಲೇ. ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಡಿಜಿಟಲ್ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಫೈಲ್ ಕೆಟ್ಟಿದೆ ಎಂದೇನೂ ಅಲ್ಲ. ಸಹಿಯನ್ನು ದೃಢೀಕರಿಸುವ ಸಂಸ್ಥೆ ಆ ರೀಡರಿನ ನಂಬಿಕೆಯ ಪಟ್ಟಿಯಲ್ಲಿಲ್ಲ ಎಂದಷ್ಟೇ ಅದರ ಅರ್ಥ.

ಫೈಲಿನ ಹೆಸರೇ ತೊಡಕಾಗುವುದೂ ಉಂಟು. ಲಿನಕ್ಸ್ ಮತ್ತು ಆಂಡ್ರಾಯ್ಡ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಗುಣಿತದ ಗುರುತುಗಳೂ ಲೆಕ್ಕಕ್ಕೆ ಬರುವುದರಿಂದ ಕನ್ನಡದ ಹೆಸರು 85 ಚಿಹ್ನೆ ದಾಟುವಂತಿಲ್ಲ. ಸಭೆಯ ನಡಾವಳಿಯ ಪೂರ್ತಿ ಶೀರ್ಷಿಕೆಯನ್ನೇ ಫೈಲಿಗೆ ಇಡುವವರು ಇದನ್ನು ಗಮನಿಸಬೇಕು.

ಅಕ್ಷರ ಕೆಟ್ಟಾಗ

ಐದನೆಯ ತೊಂದರೆ, ಓದಲಾಗದ ಅಕ್ಷರ, ಗಡಿಭಾಗದಲ್ಲಿ ಎದ್ದು ಕಾಣುತ್ತದೆ. ಜಹೀರಾಬಾದ್ ಮತ್ತು ನಾರಾಯಣಖೇಡ 1956ರ ರಾಜ್ಯ ಮರುವಿಂಗಡಣೆಯವರೆಗೆ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ಈಗ ಮೂರೂ ತೆಲಂಗಾಣದಲ್ಲಿವೆ. ಮನೆಮಾತು ಕನ್ನಡವಾದ ಕುಟುಂಬಗಳು ಈ ಭಾಗದಲ್ಲಿ ಇಂದಿಗೂ ಇವೆ. ಅಂಗಡಿಯ ಬೋರ್ಡು ತೆಲುಗು, ಪೇಟೆಯ ಮಾತಿನಲ್ಲಿ ಉರ್ದುವೂ ಸೇರಿರುತ್ತದೆ. ಕಂಪ್ಯೂಟರಿನ ಮಟ್ಟಿಗೆ ಇದರ ಅರ್ಥ ಮೂರು ಲಿಪಿ, ಮೂರು ಹಳೆಯ ತಂತ್ರಾಂಶ ಪರಂಪರೆ. ಬೀದರಿನಿಂದ ಬಂದ ಕನ್ನಡ ಫೈಲು ನುಡಿ ಅಥವಾ ಬರಹದಲ್ಲಿ ಟೈಪಾಗಿರುತ್ತದೆ, ಹೈದರಾಬಾದ್ ಕಡೆಯ ತೆಲುಗು ಡಿಟಿಪಿ ಅನು ಫಾಂಟಿನಲ್ಲಿ, ಉರ್ದು ಇನ್‌ಪೇಜಿನಲ್ಲಿ. ಇವುಗಳಲ್ಲಿ ಯಾವೊಂದು ಹಳೆಯ ಫೈಲೂ ಇನ್ನೊಂದರ ಕಂಪ್ಯೂಟರಿನಲ್ಲಿ ನೇರವಾಗಿ ಓದಲು ಬರುವುದಿಲ್ಲ.

ಕಾರಣ ತಿಳಿಯಲು ಒಂದು ಪದವನ್ನು ಹತ್ತಿರದಿಂದ ನೋಡಬೇಕು. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಟೈಪು ಮಾಡಿದ ಫೈಲನ್ನು ನುಡಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಏಳು ಚಿಹ್ನೆಗಳು ಕಾಣುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಓರೆಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಓರೆಗೀಟಿನ ಎ. ಇದರಲ್ಲಿ ಕಸವೇನೂ ಇಲ್ಲ. ಪಿ ಇರುವ ಜಾಗದಲ್ಲಿ ನುಡಿ ಫಾಂಟು ತಲೆಕಟ್ಟಿಲ್ಲದ ಕ ಆಕಾರವನ್ನು ಇಟ್ಟಿದೆ. ಓರೆಗೀಟಿನ ಎ ಎಂದರೆ ತಲೆಕಟ್ಟು. ಪೌಂಡ್ ಗುರುತು ತಲೆಕಟ್ಟಿಲ್ಲದ ನ, ಜರ್ಮನ್ ಎಸ್ ನಕಾರದ ಒತ್ತು, ಕ್ಯೂ ತಲೆಕಟ್ಟಿಲ್ಲದ ಡ. ಒಂದು ಬೈಟಿನಲ್ಲಿ ಸಿಗುವ 256 ಜಾಗಗಳಲ್ಲಿ ಕನ್ನಡದ ಗುಣಿತ, ಒತ್ತಕ್ಷರಗಳನ್ನೆಲ್ಲ ಇಡಿಯಾಗಿ ಕೂರಿಸಲಾಗದು. ಆದ್ದರಿಂದ ಅಕ್ಷರಗಳನ್ನು ತುಂಡು ಮಾಡಿ, ತುಂಡುಗಳನ್ನು ಯುರೋಪಿನ ಅಕ್ಷರಗಳ ಜಾಗದಲ್ಲಿಟ್ಟರು. ಕಂಪ್ಯೂಟರಿಗೆ ಅದು ಕನ್ನಡವೆಂದು ಗೊತ್ತೇ ಇರಲಿಲ್ಲ. ಫಾಂಟು ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು.

ಇದನ್ನು ಇಂದು ಹಳಿಯುವುದು ಸುಲಭ. ಆದರೆ ಅಂದು ಬೇರೆ ದಾರಿ ಇರಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವುಗಳಿಂದಾಗಿ ಕಚೇರಿಗಳಲ್ಲೂ ಪತ್ರಿಕೆಗಳಲ್ಲೂ ಕನ್ನಡ ಕಂಪ್ಯೂಟರಿಗೆ ಇಳಿಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ತುಂಗಾ ಎಂಬ ಫಾಂಟಿನೊಡನೆ ಕನ್ನಡ ವಿಂಡೋಸ್‌ನೊಳಗೇ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೂ, ಅದರ ನಂತರ ಬಹುಕಾಲವೂ ಟೈಪಾದ ಲಕ್ಷಾಂತರ ಪುಟಗಳು ಹಳೆಯ ಸಂಕೇತದಲ್ಲೇ ಉಳಿದಿವೆ.

ಫೈಲಿನಲ್ಲಿ ಕಾಣುವ ವಿಕಾರದ ಬಗೆಯೇ ರೋಗದ ಹೆಸರು ಹೇಳುತ್ತದೆ. ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಮತ್ತು ಪೌಂಡ್ ಗುರುತುಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ಫಾಂಟಿನ ಫೈಲು. ಖಾಲಿ ಚೌಕಗಳ ಸಾಲು ಕಂಡರೆ ಯೂನಿಕೋಡ್ ಫೈಲು ಸರಿಯಾಗಿಯೇ ಇದೆ, ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟು ಹಾಕಿದರೆ ಸಾಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಸುದ್ದಿ ಕೆಟ್ಟದ್ದು. ಕನ್ನಡ ತಿಳಿಯದ ಯಾವುದೋ ತಂತ್ರಾಂಶ ಉಳಿಸುವಾಗ ಪ್ರತಿ ಅಕ್ಷರದ ಬದಲಿಗೆ ಪ್ರಶ್ನೆಯ ಗುರುತನ್ನೇ ಬರೆದುಬಿಟ್ಟಿದೆ. ಎಲ್ಲ ಅಕ್ಷರಕ್ಕೂ ಒಂದೇ ಗುರುತು ಬಿದ್ದಿರುವುದರಿಂದ ಹಿಂದಕ್ಕೆ ಹೋಗುವ ದಾರಿ ಇಲ್ಲ.

ನಾಲ್ಕನೆಯ ಬಗೆ ಗಡಿಯವರಿಗೆ ವಿಶೇಷ ಉಪಯೋಗದ್ದು. ಯೂನಿಕೋಡ್ ಪಠ್ಯವನ್ನು ಸಾಮಾನ್ಯವಾಗಿ ಯುಟಿಎಫ್-8 ಎಂಬ ರೀತಿಯಲ್ಲಿ ಉಳಿಸುತ್ತಾರೆ. ವಿದ್ಯಾರ್ಥಿಗಳ ಅಥವಾ ಸಂಘದ ಸದಸ್ಯರ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ನೇರ ತೆರೆದಾಗ, ಎಕ್ಸೆಲ್ ಅದನ್ನು ಎಷ್ಟೋ ಬಾರಿ ಪಶ್ಚಿಮ ಯುರೋಪಿನ ಪಠ್ಯವೆಂದು ಭಾವಿಸಿ ಬೈಟ್‌ಗೊಂದರಂತೆ ಚಿಹ್ನೆ ತೋರಿಸುತ್ತದೆ. ಆಗ ಓರೆಗೀಟಿನ ಸಣ್ಣ ಎ ಮತ್ತೆ ಮತ್ತೆ ಬರುತ್ತದೆ. ಅದರ ಪಕ್ಕದಲ್ಲಿ ಏನಿದೆ ಎಂದು ನೋಡಬೇಕು. ಮೇಲಕ್ಕೆ ಏರಿಸಿ ಬರೆದ ಪುಟ್ಟ 2 ಅಥವಾ 3 ಇದ್ದರೆ ಮೂಲ ಕನ್ನಡ. ಉಷ್ಣತೆಯ ಡಿಗ್ರಿ ಸೊನ್ನೆ ಅಥವಾ ಕೂಡು-ಕಳೆ ಒಟ್ಟಿಗಿರುವ ಗುರುತಿದ್ದರೆ ಮೂಲ ತೆಲುಗು. ಇದಕ್ಕೆ ಕಾರಣವಿದೆ. ಯೂನಿಕೋಡ್‌ನಲ್ಲಿ ತೆಲುಗಿಗೆ 3072ರಿಂದ 3199, ಕನ್ನಡಕ್ಕೆ 3200ರಿಂದ 3327 ಮೀಸಲು. ಎರಡೂ ಅಕ್ಕಪಕ್ಕದ ಮನೆಗಳು. ಕನ್ನಡದ ಕ 3221ನೆಯದು, ತೆಲುಗಿನ ಕ 3093ನೆಯದು, ನಡುವಿನ ಅಂತರ ಸರಿಯಾಗಿ 128. ಎರಡು ಲಿಪಿಗಳ ಮೊದಲ ಬೈಟ್ ಒಂದೇ, 224. ಎರಡನೆಯ ಬೈಟ್ ತೆಲುಗಿಗೆ 176 ಅಥವಾ 177, ಕನ್ನಡಕ್ಕೆ 178 ಅಥವಾ 179. ಆ ನಾಲ್ಕು ಸಂಖ್ಯೆಗಳ ಚಿಹ್ನೆಗಳೇ ಡಿಗ್ರಿ, ಕೂಡು-ಕಳೆ, ಪುಟ್ಟ 2, ಪುಟ್ಟ 3. ಹೀಗೆ ಕಂಡ ಫೈಲನ್ನು ಉಳಿಸದೆ ಮುಚ್ಚಬೇಕು. ಎಕ್ಸೆಲ್‌ನ ಡೇಟಾ ಪಟ್ಟಿಯಿಂದ ಅದನ್ನು ಒಳತಂದು, ಭಾಷೆಯ ಸಂಕೇತ ಕೇಳಿದಾಗ 65001, ಅಂದರೆ ಯುಟಿಎಫ್-8, ಆರಿಸಿದರೆ ಎಲ್ಲ ಹೆಸರುಗಳೂ ಸರಿಯಾಗಿ ಬರುತ್ತವೆ.

ಹಳೆಯ ಫಾಂಟಿನ ಫೈಲಿಗೆ ಎರಡು ಹಂತದ ಚಿಕಿತ್ಸೆ. ಮೊದಲು ಆ ಫಾಂಟನ್ನು ಕಂಪ್ಯೂಟರಿಗೆ ಹಾಕಿ ಓದುವಂತೆ ಮಾಡಬೇಕು. ವರ್ಡ್ ಫೈಲಿನಲ್ಲಿ ವಿಕಾರವಾಗಿ ಕಾಣುವ ಪದದ ಮೇಲೆ ಕರ್ಸರ್ ಇಟ್ಟರೆ ಮೇಲಿನ ಪೆಟ್ಟಿಗೆಯಲ್ಲಿ ಮೂಲ ಫಾಂಟಿನ ಹೆಸರು, ನುಡಿ 01 ಇ ಎಂಬಂತೆ, ಇನ್ನೂ ಇರುತ್ತದೆ. ಕಂಪ್ಯೂಟರಿನಲ್ಲಿ ಫಾಂಟು ಇಲ್ಲದಿದ್ದರೂ ಹೆಸರು ಫೈಲಿನಲ್ಲಿದೆ. ಈ ಹೆಸರನ್ನು ಕಳೆದುಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಗಾಬರಿಯಲ್ಲಿ ಪುಟವನ್ನೆಲ್ಲ ಆಯ್ದು ಬೇರೆ ಫಾಂಟು ಒತ್ತಿ ಸೇವ್ ಮಾಡಿದರೆ ಅಕ್ಷರಗಳ ಬೈಟ್‌ಗಳು ಉಳಿಯುತ್ತವೆ, ಯಾವುದು ಕನ್ನಡ ಯಾವುದು ನಿಜವಾದ ಇಂಗ್ಲಿಷ್ ಎಂಬ ಗುರುತು ಅಳಿಸುತ್ತದೆ. ಕನ್ನಡದ ವಾಕ್ಯದ ನಡುವೆ ಇಂಗ್ಲಿಷ್ ಹೆಸರು, ಇ-ಮೇಲ್ ವಿಳಾಸ ಇರುವ ಪುಟದಲ್ಲಿ ಇವೆರಡನ್ನು ಬೇರ್ಪಡಿಸಲು ಇರುವ ಆಧಾರ ಫಾಂಟಿನ ಹೆಸರೊಂದೇ. ತೆಲುಗು ಡಿಟಿಪಿ ಕಂಪ್ಯೂಟರಿನಲ್ಲಿ ಇನ್ನೊಂದು ಮೋಸವಿದೆ. ಕನ್ನಡ ಫೈಲಿಗೆ ಅನು ಫಾಂಟು ಹಾಕಿದರೆ ಇಂಗ್ಲಿಷ್ ಹೋಗಿ ತೆಲುಗು ಅಕ್ಷರದ ತುಂಡುಗಳು ಕಾಣುತ್ತವೆ. ಮೂಲ ತೆಲುಗೇ ಇರಬೇಕು, ಟೈಪು ತಪ್ಪಾಗಿದೆ ಎಂದು ತಿದ್ದಲು ಕೂತರೆ ಇಡೀ ಪುಟ ಹಾಳು.

ಎರಡನೆಯ ಹಂತ ಯೂನಿಕೋಡ್‌ಗೆ ಪರಿವರ್ತನೆ. ನುಡಿ ಮತ್ತು ಬರಹ ಎರಡರಲ್ಲೂ ಇದಕ್ಕೆ ಸಲಕರಣೆಯಿದೆ. ಕೆಲಸ ಕಂಡಷ್ಟು ಸರಳವಲ್ಲ. ಹಳೆಯ ಫಾಂಟು ಅಕ್ಷರದ ತುಂಡುಗಳನ್ನು ಕಾಗದದ ಮೇಲೆ ಕಾಣುವ ಕ್ರಮದಲ್ಲಿ ಇಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ‘ಕರ್ನಾಟಕ’ದಲ್ಲಿ ಅರ್ಕಾವತ್ತು ಹಳೆಯ ಫೈಲಿನಲ್ಲಿ ‘ನಾ’ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಅದು ರಕಾರವಾಗಿ ‘ನಾ’ಗಿಂತ ಮುಂಚೆ ಬರಬೇಕು. ಪರಿವರ್ತಕ ಅದನ್ನು ಹಿಂದಿನಿಂದ ಎತ್ತಿ ಮುಂದೆ ಕೂರಿಸುತ್ತದೆ. ಪರಿವರ್ತನೆ ಮುಗಿದ ಮೇಲೆ ಕರಡು ತಿದ್ದುವವರು ಮೊದಲು ನೋಡಬೇಕಾದ ಜಾಗಗಳು ಇವೇ: ಅರ್ಕಾವತ್ತು ಇರುವ ಪದಗಳು, ಒಂದರ ಕೆಳಗೊಂದು ಎರಡು ಒತ್ತಿರುವ ‘ಶಾಸ್ತ್ರ’ದಂಥವು, ಅಂಕಿಗಳು, ನಡುವೆ ಇದ್ದ ಇಂಗ್ಲಿಷ್ ಪದಗಳು. ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಟ್ಟಿರುವುದು ತಪ್ಪದೆ ಸಿಗುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ಡಿಟಿಪಿ ತಂತ್ರಾಂಶದ ಸಂಕೇತ ನುಡಿಯದಕ್ಕಿಂತ ಬೇರೆ, ಅದಕ್ಕೆ ಅದರದೇ ಪರಿವರ್ತಕ ಬೇಕು. ಇನ್‌ಪೇಜಿನ ಉರ್ದುವಿಗೂ ಹಾಗೆಯೇ.

ನುಡಿ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಫಾಂಟು ಅದರೊಳಗೇ ಸೇರಿದೆ. ಅದರಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಪೌಂಡ್ ಗುರುತುಗಳು ಹೊರಬೀಳುತ್ತವೆ. ಹುಡುಕಿದರೂ ಒಂದು ಪದವೂ ಸಿಗದು.

ಅಚ್ಚಿನ ಅಂಗಡಿಯ ಫೈಲುಗಳು

ಲಗ್ನಪತ್ರಿಕೆ, ಫ್ಲೆಕ್ಸ್, ಜಾತ್ರೆಯ ಕರಪತ್ರ ಇವೆಲ್ಲ ಹೆಚ್ಚಾಗಿ ಕೋರಲ್‌ಡ್ರಾನಲ್ಲಿ ತಯಾರಾಗುತ್ತವೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಸಿಡಿಆರ್ ಫೈಲನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಮಾಡಿದವರು ‘ಸೇವ್ ಆಸ್’ನಲ್ಲಿ ಹಳೆಯ ಆವೃತ್ತಿ ಆರಿಸಿ ಮತ್ತೆ ಕಳಿಸಬೇಕು, ಪಡೆದವರ ಕಡೆಯಿಂದ ಮಾಡುವುದೇನೂ ಇಲ್ಲ. ಕನ್ನಡ ಫಾಂಟಿನ ಪತ್ರಿಕೆಯನ್ನು ತೆಲುಗು ಪ್ರೆಸ್ಸಿಗೆ ಕೊಡುವಾಗ ‘ಕರ್ವ್ ಮಾಡಿ ಕಳಿಸಿ’ ಎನ್ನುತ್ತಾರೆ: ಅಕ್ಷರಗಳನ್ನು ರೇಖಾಚಿತ್ರಗಳಾಗಿ ಬದಲಿಸಿದರೆ ಫಾಂಟಿನ ಹಂಗಿಲ್ಲ. ಆದರೆ ಕರ್ವ್ ಆದ ಮೇಲೆ ವರನ ಊರಿನ ಹೆಸರಿನಲ್ಲಿ ಒಂದು ಒತ್ತು ತಿದ್ದಬೇಕೆಂದರೂ ಆಗದು, ಆದ್ದರಿಂದ ಕರ್ವ್ ಮಾಡದ ಪ್ರತಿಯೂ ಕೈಯಲ್ಲಿರಬೇಕು.

ಪೇಜ್‌ಮೇಕರ್ ಫೈಲುಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಕನ್ನಡ ಪುಸ್ತಕಗಳು ವರ್ಷಾನುಗಟ್ಟಲೆ ಅದರಲ್ಲೇ ಪುಟ ಕಟ್ಟಿಸಿಕೊಂಡವು. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ. ಅದರ ಬದಲಿಗೆ ಬಂದ ಇನ್‌ಡಿಸೈನ್, ಸಿಎಸ್6ರ ವರೆಗೆ ಪೇಜ್‌ಮೇಕರ್‌ನ 6 ಮತ್ತು 7ನೆಯ ಆವೃತ್ತಿಗಳ ಫೈಲು ತೆರೆಯುತ್ತಿತ್ತು, ನಂತರದ ಸಿಸಿ ತೆರೆಯುವುದಿಲ್ಲ. ಹಾಗಾಗಿ ಹಳೆಯ ಪುಸ್ತಕವೊಂದನ್ನು ಮರುಮುದ್ರಿಸಬೇಕಾದರೆ ಹಳೆಯ ಕಂಪ್ಯೂಟರು, ಹಳೆಯ ಪೇಜ್‌ಮೇಕರ್, ಹಳೆಯ ಫಾಂಟು ಮೂರೂ ಒಟ್ಟಿಗೆ ಸಿಗಬೇಕು. ಮೂರು ಸೇರಿರುವ ಪೆಟ್ಟಿಗೆ ಇನ್ನೂ ಯಾವುದಾದರೂ ಡಿಟಿಪಿ ಅಂಗಡಿಯ ಮೂಲೆಯಲ್ಲಿ ಓಡುತ್ತಿದ್ದರೆ, ಅದು ಗುಜರಿಗೆ ಹೋಗುವ ಮುನ್ನ ಪ್ರತಿ ಪುಸ್ತಕದ ಒಂದು ಪಿಡಿಎಫ್ ಮತ್ತು ಒಂದು ಯೂನಿಕೋಡ್ ಪಠ್ಯದ ಪ್ರತಿ ತೆಗೆದಿಡಬೇಕು. ಆಮೇಲೆ ಉಳಿಯುವ ದಾರಿ ಪುಸ್ತಕವನ್ನು ಮುಂದಿಟ್ಟುಕೊಂಡು ಮೊದಲ ಪುಟದಿಂದ ಮತ್ತೆ ಟೈಪು ಮಾಡುವುದು.